ಮತ್ತೊಬ್ಬರ ಹೆಸರಿನ ಭಾರ



ಮಗು ಹುಟ್ಟಿದ ಮನೆಗೆ ಹೋದವರು ತೊಟ್ಟಿಲೊಳಗೆ ಇಣುಕಿ ಮೊದಲು ಆಡುವ ಮಾತು ಯಾವುದೆಂಬುದು ನಿಮಗೆ ತಿಳಿದೇ ಇದೆ. ಕಣ್ಣು ಥೇಟ್ ಅಪ್ಪನದು, ಮೂಗು ಅಜ್ಜಿಯದು, ಬಣ್ಣ ಸೋದರಮಾವನದು. ಮಗು ಇನ್ನೂ ಕಣ್ಣರಳಿಸಿ ಲೋಕವನ್ನು ನೋಡಿರುವುದಿಲ್ಲ. ಅಷ್ಟರಲ್ಲಿ ನಾವು ಅದರ ಮುಖವನ್ನು ನಾಲ್ಕಾರು ಮಂದಿಗೆ ಹಂಚಿಕೊಟ್ಟಿರುತ್ತೇವೆ. ಇದರಲ್ಲಿ ಕೆಡುಕೇನೂ ಇಲ್ಲ. ಹೊಸಬರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವ ಪ್ರೀತಿಯ ಪರಿಯದು. ಆದರೆ ಅದೇ ಮಗು ಬೆಳೆದು ಶಾಲೆಗೆ, ವೇದಿಕೆಗೆ, ಆಟದ ಬಯಲಿಗೆ ಕಾಲಿಟ್ಟಾಗ ಈ ಮಾತಿನ ದನಿ ಬದಲಾಗುತ್ತದೆ. ‘ಅಕ್ಕನ ಹಾಗೆಯೇ’ ಎಂಬ ಮೆಚ್ಚುಗೆ ಯಾವ ಗಳಿಗೆಯಲ್ಲಿ ‘ಅಕ್ಕನಷ್ಟು ಇಲ್ಲ’ ಎಂಬ ತೀರ್ಪಾಗುತ್ತದೆಯೋ ಹೇಳಲಾಗದು.

ನಾನು ಮೂರು ದಶಕಗಳ ಕಾಲ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ಕೆಮ್ಮಣ್ಣಿನ ಅಂಕಣದಲ್ಲಿ, ಬಲೆ ಹರಿದ ಬುಟ್ಟಿಯ ಕೆಳಗೆ, ಸೀಟಿ ಊದುತ್ತಾ ಆಯುಷ್ಯದ ಬಹುಪಾಲನ್ನು ಕಳೆದೆ. ಆದುದರಿಂದ ಈ ಹೋಲಿಕೆಯ ವಿಷಯವನ್ನು ನನಗೆ ಪರಿಚಿತವಾದ ಬ್ಯಾಸ್ಕೆಟ್‌ಬಾಲ್ ಆಟದ ಮೂಲಕವೇ ನಿಮ್ಮೊಡನೆ ಆಲೋಚಿಸಲು ಬಯಸುತ್ತೇನೆ.

ಈ ಆಟಕ್ಕೂ ನಮಗೂ ಹಳೆಯ ನಂಟಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಇದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದ್ದವರು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ಯುವಕರಿಗಾಗಿ ಅವರು ವ್ಯಾಯಾಮಶಾಲೆಯೊಳಗೆ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಅಲ್ಲಿ ಕಲಿತ ಶಿಕ್ಷಕರ ಮೂಲಕ ಇಂಥ ಆಟಗಳು ದಕ್ಷಿಣ ಭಾರತದ ಶಾಲೆಗಳ ಅಂಗಳಕ್ಕೆ ಇಳಿದವು. ಚೆಂಡನ್ನು ಮೇಲಿನ ಬುಟ್ಟಿಗೆ ಹಾಕುವ ಇಷ್ಟು ಸರಳವಾದ ಆಟ ಮುಂದೆ ಅಮೆರಿಕದಲ್ಲಿ ಕೋಟ್ಯಂತರ ಡಾಲರುಗಳ ಉದ್ಯಮವಾಯಿತು.

ಆ ಉದ್ಯಮದಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ‘ಡ್ರಾಫ್ಟ್’ ಎಂಬ ಆಯ್ಕೆ ನಡೆಯುತ್ತದೆ. ಎನ್.ಬಿ.ಎ. ಎಂಬ ವೃತ್ತಿಪರ ಒಕ್ಕೂಟದ 30 ತಂಡಗಳು ಎರಡು ಸುತ್ತುಗಳಲ್ಲಿ ಸುಮಾರು 60 ಮಂದಿ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಆ ಸರದಿಯನ್ನು 1985ರಿಂದ ಚೀಟಿ ಎತ್ತುವ ಕ್ರಮದಿಂದ ನಿರ್ಧರಿಸುತ್ತಾರೆ. ಕೆಳಗೆ ಬಿದ್ದವರಿಗೆ ಮೊದಲ ಕೈ ನೀಡುವ ಈ ಏರ್ಪಾಟು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಅದರ ಬೆನ್ನಿಗೇ ಒಂದು ತೊಡಕೂ ಇದೆ. ಆರಿಸಬೇಕಾದವರು ಹದಿನೆಂಟು, ಇಪ್ಪತ್ತರ ಹರೆಯದವರು. ಅವರು ಮುಂದೆ ಏನಾಗುವರೆಂದು ಯಾರೂ ಕಂಡಿಲ್ಲ. ಕಾಣದ್ದನ್ನು ಹೇಳಬೇಕಾದಾಗ ಮನುಷ್ಯ ಕಂಡದ್ದರ ನೆರವು ಪಡೆಯುತ್ತಾನೆ. ‘ಈ ಹುಡುಗ ಇಂಥ ಹಳೆಯ ಆಟಗಾರನಂತಿದ್ದಾನೆ’ ಎಂದು ಪ್ರತಿಭಾನ್ವೇಷಕರು ಟಿಪ್ಪಣಿ ಬರೆಯುತ್ತಾರೆ, ಪತ್ರಿಕೆಗಳು ಅದನ್ನು ತಲೆಬರಹವಾಗಿಸುತ್ತವೆ, ಅಂಗಿ ಮತ್ತು ಪಾದರಕ್ಷೆ ಮಾರುವವರು ಅದನ್ನು ಜಾಹೀರಾತಾಗಿಸುತ್ತಾರೆ. ಹೀಗೆ ಒಂದು ಅಂದಾಜು ಮೂರೇ ಹೆಜ್ಜೆಗಳಲ್ಲಿ ಭವಿಷ್ಯವಾಣಿಯಾಗಿಬಿಡುತ್ತದೆ.

ಮರಿ ಜೋರ್ಡನ್

ಈ ಭವಿಷ್ಯವಾಣಿಗಳಲ್ಲಿ ಅತಿ ಹೆಚ್ಚು ಬಾರಿ ಬಳಕೆಯಾದ ಹೆಸರು ಮೈಕೆಲ್ ಜೋರ್ಡನ್‌ನದು. ಷಿಕಾಗೋ ಬುಲ್ಸ್ ತಂಡಕ್ಕೆ 1991ರಿಂದ 1998ರ ನಡುವೆ ಆರು ಬಾರಿ ಪ್ರಶಸ್ತಿ ತಂದುಕೊಟ್ಟವನು. 1993ರಲ್ಲಿ ಒಮ್ಮೆ, 1999ರಲ್ಲಿ ಮತ್ತೊಮ್ಮೆ ನಿವೃತ್ತನಾಗಿ, ಎರಡು ಬಾರಿಯೂ ಮರಳಿ ಬಂದು, 2003ರ ಏಪ್ರಿಲ್‌ನಲ್ಲಿ ಕೊನೆಯದಾಗಿ ಅಂಕಣದಿಂದ ಇಳಿದನು. ತೊಂಬತ್ತರ ದಶಕದಲ್ಲಿ ನಮ್ಮ ಊರಿಗೆ ಕೇಬಲ್ ಟಿ.ವಿ. ಬಂದಾಗ, ಬ್ಯಾಸ್ಕೆಟ್‌ಬಾಲ್ ನಿಯಮಗಳೇ ತಿಳಿಯದ ಮಕ್ಕಳೂ ಆತನ ಹೆಸರನ್ನು ಉಚ್ಚರಿಸುತ್ತಿದ್ದರು. ನಾಲಿಗೆ ಹೊರಚಾಚಿ, ಗಾಳಿಯಲ್ಲಿ ಅರೆಕ್ಷಣ ನಿಂತಂತೆ ತೋರುತ್ತಿದ್ದ ಆತನ ಜಿಗಿತವನ್ನು ಅನುಕರಿಸಲು ಹೋಗಿ ಮಂಡಿ ತರಚಿಕೊಂಡವರಿಗೆ ಟಿಂಚರ್ ಹಚ್ಚಿದವನು ನಾನು.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ ಎಂಬ ಊರಿನಲ್ಲಿ ಹೆರಾಲ್ಡ್ ಮೈನರ್ ಎಂಬ ತರುಣನಿದ್ದ. 1971ರಲ್ಲಿ ಹುಟ್ಟಿದವನು. ಜೋರ್ಡನ್‌ನಂತೆಯೇ ಬೋಳಿಸಿದ ತಲೆ, ಹೆಚ್ಚುಕಡಿಮೆ ಅದೇ ಎತ್ತರ, ಅದೇ 23ನೆಯ ಸಂಖ್ಯೆಯ ಅಂಗಿ, ಅದೇ ಬಗೆಯ ಹಾರಾಟ. ಜನ ಆತನಿಗೆ ‘ಮರಿ ಜೋರ್ಡನ್’ ಎಂದು ಹೆಸರಿಟ್ಟರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಮೂರೇ ವರ್ಷ ಆಡಿ 2,048 ಅಂಕ ಗಳಿಸಿದ. 1992ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ ಆತನನ್ನು ವರ್ಷದ ಶ್ರೇಷ್ಠ ಕಾಲೇಜು ಆಟಗಾರನೆಂದು ಆರಿಸಿತು. ಆ ವರ್ಷದ ಜೂನ್‌ನಲ್ಲಿ, ಜೋರ್ಡನ್ ತನ್ನ ಎರಡನೆಯ ಪ್ರಶಸ್ತಿಯನ್ನು ಗೆದ್ದ ತಿಂಗಳಲ್ಲೇ, ಮಯಾಮಿ ಹೀಟ್ ತಂಡ ಮೈನರ್‌ನನ್ನು 12ನೆಯವನಾಗಿ ಆರಿಸಿಕೊಂಡಿತು. ಪಾದರಕ್ಷೆಯ ಪ್ರಸಿದ್ಧ ಕಂಪೆನಿಯಾದ ನೈಕಿಯೊಡನೆ ಒಪ್ಪಂದವೂ ಆಯಿತು.

ಮುಂದಿನದು ಅಂಕಿಗಳಲ್ಲಿ ಬೇಗ ಹೇಳಿ ಮುಗಿಸಬಹುದಾದ ಕಥೆ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 10.3 ಅಂಕ. ಜೋರ್ಡನ್‌ನ ಮೊದಲ ವರ್ಷದ ಸರಾಸರಿ 28.2 ಆಗಿತ್ತು. ಮಯಾಮಿಯಲ್ಲಿ ಮೈನರ್ ಆಡಬೇಕಾದ ಜಾಗದಲ್ಲಿ ಸ್ಟೀವ್ ಸ್ಮಿತ್, ಗ್ಲೆನ್ ರೈಸ್‌ರಂಥ ಪಳಗಿದವರು ಆಗಲೇ ಇದ್ದರು. ಎತ್ತರಕ್ಕೆ ಜಿಗಿದು ಚೆಂಡನ್ನು ಬುಟ್ಟಿಗೆ ತುರುಕುವ ‘ಡಂಕ್’ ಸ್ಪರ್ಧೆಯನ್ನು 1993ರಲ್ಲೂ 1995ರಲ್ಲೂ ಮೈನರ್ ಗೆದ್ದ. 1987 ಮತ್ತು 1988ರಲ್ಲಿ ಜೋರ್ಡನ್ ಗೆದ್ದದ್ದೂ ಅಷ್ಟೇ ಬಾರಿ. ಆದರೆ ಮಂಡಿಯ ನೋವು ಕಾಡಿತು. 1995ರಲ್ಲಿ ಕ್ಲೀವ್‌ಲೆಂಡ್ ತಂಡಕ್ಕೆ ವರ್ಗವಾಗಿ ಅಲ್ಲಿ ಕೇವಲ 19 ಪಂದ್ಯಗಳನ್ನಾಡಿದ. 1996ರಲ್ಲಿ ಟೊರಾಂಟೊ ತಂಡ ಋತು ಆರಂಭವಾಗುವ ಮೊದಲೇ ಆತನನ್ನು ಬಿಟ್ಟುಕೊಟ್ಟಿತು. ಅಲ್ಲಿಗೆ ಮುಗಿಯಿತು. ಒಟ್ಟು 200 ಪಂದ್ಯಗಳು, ಸರಾಸರಿ 9 ಅಂಕ, ವಯಸ್ಸು 25.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವ್ಯಕ್ತಿ ಮತ್ತೊಬ್ಬರಿದ್ದಾರೆ. ಅವರು ಮೈನರ್‌ನ ಕಾಲೇಜು ತರಬೇತುದಾರ ಜಾರ್ಜ್ ರ‍್ಯಾವೆಲಿಂಗ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಸಹಾಯಕ ತರಬೇತುದಾರರಾಗಿದ್ದವರು. ಆ ತಂಡದಲ್ಲಿ ಜೋರ್ಡನ್ ಇದ್ದ. ಅಂದರೆ ಅಸಲು ಜೋರ್ಡನ್‌ನನ್ನೂ, ‘ಮರಿ ಜೋರ್ಡನ್’ನನ್ನೂ ಹತ್ತಿರದಿಂದ ಬಲ್ಲವರು. ಹೆರಾಲ್ಡ್‌ನ ಬಾಳಿನಲ್ಲಿ ನಡೆದ ಅತಿ ಕೆಟ್ಟ ಸಂಗತಿಯೆಂದರೆ ಆ ಅಡ್ಡಹೆಸರೇ ಎಂಬರ್ಥದ ಮಾತನ್ನು ಅವರೇ ಹೇಳಿದ್ದಾರೆ. ಗಮನಿಸಿ, ಮಂಡಿಯ ನೋವನ್ನು ಅವರು ಮೊದಲು ಹೆಸರಿಸಲಿಲ್ಲ.

ನಾವೂ ಒಂದು ಕ್ಷಣ ನ್ಯಾಯವಾಗಿ ಲೆಕ್ಕ ಹಾಕೋಣ. ಆ ವರ್ಷ ಅಮೆರಿಕದ ಎಲ್ಲ ಕಾಲೇಜುಗಳಿಂದ, ಹೊರದೇಶಗಳಿಂದ ಆಯ್ಕೆಯಾದವರು ಒಟ್ಟು 54 ಮಂದಿ. ಅವರಲ್ಲಿ ಹನ್ನೆರಡನೆಯವನಾಗುವುದು, ಲೋಕದ ಅತ್ಯುನ್ನತ ಮಟ್ಟದಲ್ಲಿ 200 ಪಂದ್ಯಗಳನ್ನಾಡುವುದು, ಎರಡು ಬಾರಿ ಡಂಕ್ ಸ್ಪರ್ಧೆ ಗೆಲ್ಲುವುದು ಸೋಲೆ? ಬೇರೊಂದು ಹೆಸರಿನಲ್ಲಿ ಇಷ್ಟನ್ನೇ ಮಾಡಿದ್ದರೆ ಊರವರು ಹೂಮಾಲೆ ಹಾಕುತ್ತಿದ್ದರು. ಮೈನರ್ ತನ್ನ ಶಕ್ತಿಯಲ್ಲಿ ಸೋತದ್ದಕ್ಕಿಂತ ಹೆಚ್ಚಾಗಿ ನಮ್ಮ ಅಳತೆಗೋಲಿನಲ್ಲಿ ಸೋತನು. ಇನ್ನೊಂದು ಸಣ್ಣ ಸಂಗತಿ. ಜೋರ್ಡನ್ ಬಲಗೈ ಆಟಗಾರ, ಮೈನರ್ ಎಡಗೈಯವನು. ಕಣ್ಣಿಗೆ ರಾಚುವಂಥ ಈ ವ್ಯತ್ಯಾಸವೂ ಹೋಲಿಕೆಯ ಭರಾಟೆಯಲ್ಲಿ ಯಾರಿಗೂ ಬೇಕಾಗಲಿಲ್ಲ.

ಹಲವು ವರ್ಷ ಜನರ ಕಣ್ಣಿಗೆ ಬೀಳದೆ ತನ್ನ ಸಂಸಾರದೊಡನೆ ಶಾಂತವಾಗಿ ಬದುಕಿದ ಮೈನರ್‌ನನ್ನು 2012ರಲ್ಲಿ ಆತನ ವಿಶ್ವವಿದ್ಯಾಲಯ ಮರಳಿ ಕರೆಯಿತು. ಇನ್ನು ಮುಂದೆ ಅಲ್ಲಿ ಯಾರೂ ತೊಡದಂತೆ ಆತನ 23ನೆಯ ಸಂಖ್ಯೆಯ ಅಂಗಿಗೆ ಗೌರವದ ನಿವೃತ್ತಿ ನೀಡಿತು. ಅಂದು ಎತ್ತರದಲ್ಲಿ ತೂಗಿದ ಆ ಅಂಗಿಯ ಮೇಲೆ ಇದ್ದದ್ದು ‘ಮೈನರ್’ ಎಂಬ ಹೆಸರು. ಇಪ್ಪತ್ತು ವರ್ಷ ತಡವಾದರೂ ಅದು ಸಂದಿತಲ್ಲ ಎಂದು ನನಗೆ ಸಮಾಧಾನ.

ಹೊತ್ತವರು ಹಲವರು

ಮೈನರ್‌ನ ನಂತರವೂ ಆ ಪಟ್ಟಿ ನಿಲ್ಲಲಿಲ್ಲ. 1994ರಲ್ಲಿ ಗ್ರಾಂಟ್ ಹಿಲ್ ಬಂದ; 2000ದಲ್ಲಿ ಕಣಕಾಲು ಮುರಿದು ಸಾಲು ಸಾಲು ಶಸ್ತ್ರಚಿಕಿತ್ಸೆಗಳಿಗೆ ಒಳಗಾದರೂ 2013ರವರೆಗೆ ಆಡಿದ. 1998ರಲ್ಲಿ ಜೋರ್ಡನ್ ಓದಿದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಿಂದಲೇ ವಿನ್ಸ್ ಕಾರ್ಟರ್ ಬಂದ. ಪ್ರಶಸ್ತಿ ಒಂದೂ ಇಲ್ಲದೆ, ಆದರೆ ಆಟದ ಮೇಲಿನ ಅಕ್ಕರೆಯಿಂದ 22 ಋತುಗಳನ್ನಾಡಿ 2020ರಲ್ಲಿ ವಿದಾಯ ಹೇಳಿದ.

ನಮ್ಮ ದೇಶದ ಹುಡುಗನೊಬ್ಬನೂ ಈ ಸಾಲಿನಲ್ಲಿದ್ದಾನೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್. ಏಳು ಅಡಿಗೂ ಮಿಗಿಲಾದ ಎತ್ತರದವನು. ಹದಿನಾಲ್ಕರ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದ. 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿಕೊಂಡಾಗ, ಎನ್.ಬಿ.ಎ. ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯನಾದ. ಒಡನೆಯೇ ಆತನನ್ನು 2011ರಲ್ಲಿ ನಿವೃತ್ತನಾಗಿದ್ದ ಚೀನಾದ ಯಾವೊ ಮಿಂಗ್‌ನೊಡನೆ ಹೋಲಿಸಿದರು. ಒಬ್ಬ ಯಾವೊ ಮಿಂಗ್‌ನಿಂದ ಚೀನಾದಲ್ಲಿ ಆಟದ ಮಾರುಕಟ್ಟೆ ಬೆಳೆದಂತೆ ಒಬ್ಬ ಸತ್ನಾಮ್‌ನಿಂದ ಭಾರತದಲ್ಲೂ ಬೆಳೆಯಲಿ ಎಂಬುದು ಹಲವರ ಆಸೆ. ಯಾವೊ 2002ರಲ್ಲಿ ಮೊಟ್ಟಮೊದಲ ಆಯ್ಕೆಯಾಗಿದ್ದವನು, ಸತ್ನಾಮ್ 52ನೆಯವನು ಎಂಬುದನ್ನು ಆ ಆಸೆ ಎಣಿಸಲಿಲ್ಲ. ಸತ್ನಾಮ್‌ಗೆ ಎನ್.ಬಿ.ಎ.ಯಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಕೆಳಗಿನ ಹಂತದ ಲೀಗ್‌ನಲ್ಲಿ ಆಡಿ, ಮುಂದೆ ಕುಸ್ತಿಯ ಪ್ರದರ್ಶನಕಣಕ್ಕೆ ಹೋದ. ಹೊಲಗದ್ದೆಗಳ ಹಳ್ಳಿಯಿಂದ ಹೊರಟು ಆ ಬಾಗಿಲ ತನಕ ನಡೆದವನು ಆತನೊಬ್ಬನೇ ಎಂಬುದನ್ನು ನಾವಾದರೂ ನೆನಪಿಡಬೇಕು.

ತಪ್ಪು ಅಚ್ಚಿನಲ್ಲಿ ಒಬ್ಬ ಹುಡುಗ

ಭಾರವನ್ನು ಹೊತ್ತು ನಿಂತವನೊಬ್ಬನ ಕಥೆಯನ್ನೂ ಹೇಳಬೇಕು. ಲೆಬ್ರಾನ್ ಜೇಮ್ಸ್ 1984ರ ಡಿಸೆಂಬರ್ 30ರಂದು ಓಹಾಯೊ ರಾಜ್ಯದ ಏಕ್ರನ್ ನಗರದಲ್ಲಿ ಹುಟ್ಟಿದ. ತಾಯಿಗೆ ಆಗ ಹದಿನಾರು ವರ್ಷ. ಅಪ್ಪನ ಆಸರೆ ಇರಲಿಲ್ಲ. ಬಾಡಿಗೆಯ ಮನೆಯಿಂದ ಮನೆಗೆ ಅಲೆದಾಟ. ನಾಲ್ಕನೆಯ ತರಗತಿಯಲ್ಲಿ ಶಾಲೆಗೆ ಹೋದ ದಿನಗಳಿಗೆ ಸಮನಾಗಿ ತಪ್ಪಿಸಿಕೊಂಡ ದಿನಗಳೂ ಇದ್ದವು. ಆಗ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಒಬ್ಬರು ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟು, ತಮ್ಮ ಮಕ್ಕಳೊಡನೆ ಮಲಗಿಸಿ, ಎಬ್ಬಿಸಿ, ಶಾಲೆಗೆ ಕಳುಹಿಸಿದರು. ಮುಂದೆ ಆತ ಓದಿದ್ದು ಸಂತ ವಿನ್ಸೆಂಟ್–ಸಂತ ಮೇರಿ ಎಂಬ ಕಥೋಲಿಕ ಪ್ರೌಢಶಾಲೆಯಲ್ಲಿ.

ಆ ಶಾಲೆಯ ಹುಡುಗನಿಗೆ ಹದಿನೇಳು ವರ್ಷವಾಗಿದ್ದಾಗ, 2002ರ ಫೆಬ್ರವರಿಯಲ್ಲಿ, ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ತನ್ನ ಮುಖಪುಟದಲ್ಲಿ ಆತನ ಚಿತ್ರ ಹಾಕಿ ‘ಆಯ್ಕೆಗೊಂಡವನು’ ಎಂದು ಬರೆಯಿತು. ನಮ್ಮ ಬಲಿಪೂಜೆಯ ವಾಚನಗಳಲ್ಲಿ ನಾವು ತಲೆಬಾಗಿ ಕೇಳುವಂಥ ಪದವದು! ಅದನ್ನು ಇನ್ನೂ ಪ್ರೌಢಶಾಲೆಯ ಅಂತಿಮ ಪರೀಕ್ಷೆ ಬರೆಯದ ಹುಡುಗನ ಹೆಗಲ ಮೇಲಿಟ್ಟರು. 2003ರ ಏಪ್ರಿಲ್‌ನಲ್ಲಿ ಜೋರ್ಡನ್ ಕೊನೆಯ ಪಂದ್ಯವನ್ನಾಡಿದ. ಜೂನ್ 26ರಂದು ಕ್ಲೀವ್‌ಲೆಂಡ್ ತಂಡ ಲೆಬ್ರಾನ್‌ನನ್ನು ಮೊದಲಿಗನಾಗಿ ಆರಿಸಿತು. ತೊಟ್ಟದ್ದು ಜೋರ್ಡನ್ ಮೇಲಿನ ಗೌರವದ 23ನೆಯ ಅಂಗಿ. ಇಡೀ ದೇಶ ಒಬ್ಬನ ನಿರ್ಗಮನಕ್ಕೂ ಮತ್ತೊಬ್ಬನ ಆಗಮನಕ್ಕೂ ಗಂಟು ಹಾಕಿತು.

ಆದರೆ ಆ ಅಚ್ಚೇ ತಪ್ಪಾಗಿತ್ತು. ಜೋರ್ಡನ್ ಮೂಲತಃ ಅಂಕ ಗಳಿಸುವವನು. ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡನ್ನು ತಾನೇ ಬುಟ್ಟಿಗೆ ಎಸೆಯುವವನು. ಲೆಬ್ರಾನ್‌ನ ಕಣ್ಣು ಮೊದಲು ಜೊತೆಗಾರನನ್ನು ಹುಡುಕುತ್ತಿತ್ತು. ಹಳಬರಲ್ಲಿ ಯಾರನ್ನಾದರೂ ಹೋಲಿಸಲೇಬೇಕಿದ್ದರೆ, ಚೆಂಡು ಹಂಚುವುದರಲ್ಲಿ ನಿಪುಣನಾಗಿದ್ದ ಮ್ಯಾಜಿಕ್ ಜಾನ್ಸನ್‌ನನ್ನು ಹೋಲಿಸಬಹುದಿತ್ತು. 2007ರ ಮೇ ತಿಂಗಳಲ್ಲಿ ಡೆಟ್ರಾಯ್ಟ್ ವಿರುದ್ಧದ ಸರಣಿಯ ಮೊದಲ ಪಂದ್ಯದ ಅಂತ್ಯದಲ್ಲಿ ಲೆಬ್ರಾನ್ ಬುಟ್ಟಿಯತ್ತ ನುಗ್ಗಿದ, ಎದುರಾಳಿಗಳು ಮುತ್ತಿಕೊಂಡರು, ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಡಾನಿಯೆಲ್ ಮಾರ್ಷಲ್‌ಗೆ ಚೆಂಡು ದಾಟಿಸಿದ. ಆಟದ ಶಾಸ್ತ್ರದ ಪ್ರಕಾರ ಅದೇ ಸರಿ. ನನ್ನ ವಿದ್ಯಾರ್ಥಿ ಹಾಗೆ ಮಾಡಿದ್ದರೆ ಬೆನ್ನು ತಟ್ಟುತ್ತಿದ್ದೆ. ಆದರೆ ಮಾರ್ಷಲ್‌ನ ಎಸೆತ ಗುರಿ ತಪ್ಪಿತು, ಪಂದ್ಯ 79–76ರಲ್ಲಿ ಹೋಯಿತು. ಜೋರ್ಡನ್ ಆಗಿದ್ದರೆ ತಾನೇ ಎಸೆಯುತ್ತಿದ್ದ ಎಂದು ಟೀಕಾಕಾರರು ಕೂಗಿದರು. ಅದೇ ಸರಣಿಯ ಐದನೆಯ ಪಂದ್ಯದಲ್ಲಿ ಲೆಬ್ರಾನ್ 48 ಅಂಕ ಗಳಿಸಿದ. ತಂಡದ ಕೊನೆಯ 25 ಅಂಕಗಳೂ ಆತನೊಬ್ಬನವೇ. ಆಗ ಅವರೇ ‘ಇವನೇ ಜೋರ್ಡನ್’ ಎಂದರು. ಎರಡೂ ದಿನ ಆಡಿದ್ದು ಲೆಬ್ರಾನ್ ಜೇಮ್ಸ್ ಎಂಬುದನ್ನು ಹೇಳಿದವರು ಕಡಿಮೆ.

ಅಂದಿನಿಂದ ಆತ ನಾಲ್ಕು ಪ್ರಶಸ್ತಿಗಳನ್ನು ಗೆದ್ದಿದ್ದಾನೆ. 2016ರದು ತನ್ನ ಸ್ವಂತ ಸೀಮೆಯ ಕ್ಲೀವ್‌ಲೆಂಡಿಗಾಗಿ. 2023ರ ಫೆಬ್ರವರಿ 7ರಂದು ಕರೀಮ್ ಅಬ್ದುಲ್ ಜಬ್ಬಾರ್‌ರ 38,387 ಅಂಕಗಳ ದಾಖಲೆಯನ್ನು ದಾಟಿದ. ಇಷ್ಟಾದರೂ ಜೋರ್ಡನ್ ಮೇಲೋ ಲೆಬ್ರಾನ್ ಮೇಲೋ ಎಂಬ ಜಗಳ ಮುಗಿದಿಲ್ಲ, ಮುಗಿಯುವುದೂ ಇಲ್ಲ. ನನಗಾದರೋ ಆತನ ಬದುಕಿನಲ್ಲಿ ಹೋಲಿಕೆಗೆ ಸಿಗದ ಸಂಗತಿಯೇ ಹೆಚ್ಚು ಹಿರಿದು. 2018ರಲ್ಲಿ ಏಕ್ರನ್‌ನಲ್ಲಿ, ತನ್ನಂತೆ ಶಾಲೆ ತಪ್ಪುವ ಅಪಾಯದಲ್ಲಿದ್ದ ಮಕ್ಕಳಿಗಾಗಿ, ನಗರದ ಸರ್ಕಾರಿ ಶಾಲಾಡಳಿತದ ಜೊತೆಗೂಡಿ ಆತ ಒಂದು ಶಾಲೆಯನ್ನು ತೆರೆದ. ನಾಲ್ಕನೆಯ ತರಗತಿಯಲ್ಲಿ ತನಗೆ ದೊರೆತ ಆಸರೆಯ ಋಣವನ್ನು ಹೀಗೆ ಮುಂದಿನವರಿಗೆ ಸಲ್ಲಿಸಿದ.

ಇಪ್ಪತ್ತಮೂರು ಎಂಬ ಸಂಖ್ಯೆ ಹುಟ್ಟಿದ ಬಗೆ

ಓದುಗರೇ, ಇಷ್ಟೊಂದು ಮಂದಿ ಆಸೆಪಟ್ಟು ತೊಟ್ಟ ಆ 23ನೆಯ ಸಂಖ್ಯೆ ಎಲ್ಲಿಂದ ಬಂತೆಂದು ಬಲ್ಲಿರಾ? ಅದು ಒಂದು ಮನೆಯೊಳಗಿನ ಹೋಲಿಕೆಯಿಂದ ಹುಟ್ಟಿತು. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ಊರಿನಲ್ಲಿ ಜೋರ್ಡನ್‌ನ ಅಣ್ಣ ಲ್ಯಾರಿ ತಾನೂ ಆಟಗಾರ. ಎತ್ತರದಲ್ಲಿ ಗಿಡ್ಡ, ಆದರೆ ಮನೆಯ ಹಿತ್ತಿಲಲ್ಲಿ ತಮ್ಮನನ್ನು ದಿನವೂ ಸೋಲಿಸುತ್ತಿದ್ದ. ಲ್ಯಾರಿಯ ಸಂಖ್ಯೆ 45. ಅಣ್ಣನ ಅರ್ಧದಷ್ಟಾದರೂ ಆದರೆ ಸಾಕೆಂದು ತಮ್ಮ 45ರ ಅರ್ಧಕ್ಕೆ ಸ್ವಲ್ಪ ಮೇಲಿನ 23ನ್ನು ಆರಿಸಿಕೊಂಡ. 1995ರಲ್ಲಿ ನಿವೃತ್ತಿಯಿಂದ ಮರಳಿದಾಗ ಕೆಲಕಾಲ ತೊಟ್ಟದ್ದೂ ಅಣ್ಣನ ಆ 45ನ್ನೇ.

ಅದೇ ಜೋರ್ಡನ್‌ನನ್ನು ಲೇನಿ ಪ್ರೌಢಶಾಲೆಯಲ್ಲಿ ಮೊದಲ ಬಾರಿಗೆ ಹಿರಿಯರ ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ಎತ್ತರದ ಗೆಳೆಯನೊಬ್ಬನನ್ನು ಆರಿಸಿದರು. 1984ರ ಡ್ರಾಫ್ಟ್‌ನಲ್ಲೂ ಆತ ಮೂರನೆಯವನು. ಹ್ಯೂಸ್ಟನ್ ತಂಡ ಹಕೀಮ್ ಒಲಾಜುವಾನ್‌ನನ್ನೂ, ಪೋರ್ಟ್‌ಲೆಂಡ್ ತಂಡ ಸ್ಯಾಮ್ ಬೋವಿಯನ್ನೂ ಆರಿಸಿದ ಮೇಲೆ ಷಿಕಾಗೋಗೆ ಜೋರ್ಡನ್ ಉಳಿದ. ಪೋರ್ಟ್‌ಲೆಂಡ್‌ನಲ್ಲಿ ಆ ಜಾಗಕ್ಕೆ ಕ್ಲೈಡ್ ಡ್ರೆಕ್ಸ್‌ಲರ್ ಆಗಲೇ ಇದ್ದುದರಿಂದ ಅವರಿಗೆ ಎತ್ತರದವನು ಬೇಕಿತ್ತು. ಆಯ್ಕೆಗಾರರ ಕಣ್ಣಿಗೆ ಆಗ ಜೋರ್ಡನ್ ಇನ್ನೂ ‘ಜೋರ್ಡನ್’ ಆಗಿರಲಿಲ್ಲ. ಬೆಳೆಯಲು ಆತನಿಗೆ ಸಿಕ್ಕ ದೊಡ್ಡ ಅವಕಾಶ ಬಹುಶಃ ಅದೇ.

ಹೋಲಿಕೆಯೆಲ್ಲವೂ ಕೆಟ್ಟದ್ದೆಂದು ನಾನು ಹೇಳಲಾರೆ. ಕೋಬಿ ಬ್ರಯಾಂಟ್ 1996ರಲ್ಲಿ ಶಾಲೆಯಿಂದ ನೇರವಾಗಿ ಡ್ರಾಫ್ಟ್‌ಗೆ ಬಂದು 13ನೆಯವನಾಗಿ ಆಯ್ಕೆಯಾದ. ನಡಿಗೆ, ಜಿಗಿತ, ಹಿಂದಕ್ಕೆ ವಾಲಿ ಎಸೆಯುವ ಬಗೆ ಎಲ್ಲದರಲ್ಲೂ ಜೋರ್ಡನ್‌ನ ಛಾಯೆ. ಆದರೂ ಕುಗ್ಗಲಿಲ್ಲ; ಐದು ಪ್ರಶಸ್ತಿಗಳನ್ನು ಗೆದ್ದ, 2014ರಲ್ಲಿ ಜೋರ್ಡನ್‌ನ ಒಟ್ಟು ಅಂಕಗಳನ್ನೂ ದಾಟಿದ. 2020ರ ಜನವರಿ 26ರ ಭಾನುವಾರ, ಬೆಳಗ್ಗೆ ತನ್ನ ಧರ್ಮಕೇಂದ್ರದ ದೇವಾಲಯದಲ್ಲಿ ಪ್ರಾರ್ಥಿಸಿ ಹೊರಟ ಕೋಬಿ, ಹದಿಮೂರರ ಮಗಳೊಡನೆ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ. ಮುಂದಿನ ತಿಂಗಳ ಸ್ಮರಣಸಭೆಯಲ್ಲಿ ಜೋರ್ಡನ್ ಕಣ್ಣೀರಿಡುತ್ತಾ ನೆನೆದದ್ದು ಕೋಬಿಯ ಕರೆಗಳನ್ನು. ನಡುರಾತ್ರಿ ಮೀರಿದ ಹೊತ್ತಿನಲ್ಲೂ ಕರೆ ಮಾಡಿ, ಪಾದ ಹೇಗಿಡಬೇಕು, ಬೆನ್ನು ಹೇಗೆ ತಿರುಗಿಸಬೇಕು ಎಂದು ಕೇಳುತ್ತಿದ್ದನಂತೆ. ಮೊದಮೊದಲು ಕಿರಿಕಿರಿಯೆನಿಸಿದ್ದು ಬರಬರುತ್ತಾ ಅಕ್ಕರೆಯಾಯಿತಂತೆ. ಕೋಬಿಯನ್ನು ತಮ್ಮನೆಂದೇ ಜೋರ್ಡನ್ ಬಗೆದಿದ್ದ.

ಇಲ್ಲಿ ನನಗೊಂದು ಭೇದ ಕಾಣುತ್ತದೆ. ಕಲಿಯುವವನು ‘ಹೇಗೆ’ ಎಂದು ಕೇಳುತ್ತಾನೆ. ನೋಡುವವರು ‘ಎಷ್ಟು’ ಎಂದು ಕೇಳುತ್ತಾರೆ. ತಮ್ಮನು ಅಣ್ಣನನ್ನು ನೋಡಿ ಹೇಗೆ ಎಂದು ಕೇಳಿದಾಗ ಹೋಲಿಕೆ ಏಣಿಯಾಗುತ್ತದೆ. ಊರು ತಮ್ಮನನ್ನು ನೋಡಿ ಅಣ್ಣನಿಗಿಂತ ಎಷ್ಟು ಎಂದು ಕೇಳಿದಾಗ ಅದೇ ಹೋಲಿಕೆ ತಕ್ಕಡಿಯಾಗುತ್ತದೆ. ಮೈನರ್ ಕೂಡ ಜೋರ್ಡನ್‌ನನ್ನು ಮೆಚ್ಚಿದವನೇ. ಆದರೆ ಆತನಿಗೆ ಏಣಿ ಹತ್ತಲು ಯಾರೂ ಬಿಡುವು ಕೊಡಲಿಲ್ಲ, ತಕ್ಕಡಿಯಿಂದ ಇಳಿಯಗೊಡಲೇ ಇಲ್ಲ.

ನಮ್ಮ ಅಂಕಣದಲ್ಲಿ

ಅಮೆರಿಕದ ಈ ಕಥೆಗಳನ್ನು ಓದುವಾಗಲೆಲ್ಲ ನನಗೆ ನಮ್ಮ ಶಾಲೆಯ ಇಬ್ಬರು ಅಕ್ಕತಂಗಿಯರು ನೆನಪಾಗುತ್ತಾರೆ. ಅಕ್ಕ ಎಡಗೈ ಆಟಗಾರ್ತಿ. ರಾಜ್ಯ ತಂಡಕ್ಕೆ ಆಡಿದವಳು. ಆಕೆ ಶಾಲೆ ಬಿಟ್ಟ ನಾಲ್ಕು ವರ್ಷಗಳ ನಂತರ ತಂಗಿ ಅಂಕಣಕ್ಕೆ ಬಂದಳು. ಮೊದಲ ಪಂದ್ಯದಲ್ಲೇ ಸುತ್ತ ನೆರೆದವರು, ‘ಅಕ್ಕನ ಹಾಗೇ ಓಡ್ತಾಳೆ ನೋಡಿ’ ಎಂದು ಸಂಭ್ರಮಿಸಿದರು. ಮೂರನೆಯ ಪಂದ್ಯದ ಹೊತ್ತಿಗೆ, ‘ಅಕ್ಕನ ಕೈ ಇವಳಿಗೆ ಬರಲಿಲ್ಲ’ ಎಂದರು. ಭಾನುವಾರ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತವರೂ ಅದನ್ನೇ, ಅವಳ ಎದುರಿಗೇ, ನಗುತ್ತಲೇ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ಹುಡುಗಿ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು.

ಒಂದು ಸಂಜೆ ಅವಳನ್ನು ಕರೆದು ಕೇಳಿದೆ. ತಲೆ ತಗ್ಗಿಸಿ ನಿಂತವಳು ಕೊನೆಗೆ ಹೇಳಿದ್ದು ಇಷ್ಟೇ: “ಸರ್, ಅಕ್ಕನದು ಎಡಗೈ. ನನ್ನದು ಬಲಗೈ. ಅದನ್ನು ಯಾರೂ ನೋಡಲೇ ಇಲ್ಲ.”

ಅವಳಿಗೆ ಉಪದೇಶ ಬೇಕಿರಲಿಲ್ಲ. ಅವಳ ಬಲಗೈಗೆ ತಕ್ಕ ಜಾಗವನ್ನು ಅಂಕಣದಲ್ಲಿ ಹುಡುಕಿಕೊಟ್ಟರೆ ಸಾಕಿತ್ತು. ಅದು ನನ್ನ ಕೆಲಸ. ಎದುರಾಳಿಯ ಚೆಂಡನ್ನು ತಡೆಯುವುದರಲ್ಲಿ ಅವಳಷ್ಟು ಚುರುಕಿನವರನ್ನು ನಾನು ಮತ್ತೆ ಕಾಣಲಿಲ್ಲ. ಅಂಕಗಳ ಪಟ್ಟಿಯಲ್ಲಿ ಅಂಥ ಕೆಲಸಕ್ಕೆ ಕಾಲಮ್ಮೇ ಇಲ್ಲ. ಅದಕ್ಕಿಂತ ದೊಡ್ಡ ಉಪಕಾರ ಮಾಡಿದವಳು ಅವಳ ಅಕ್ಕ. ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಬಂದಿದ್ದಾಗ ಅಂಕಣದ ಗೆರೆಯ ಬಳಿ ನಿಂತು ಪಂದ್ಯವಿಡೀ ತಂಗಿಯ ಹೆಸರನ್ನು ಕೂಗಿದಳು. ಸಲಹೆ ಕೊಡಲಿಲ್ಲ, ತನ್ನ ಕಾಲದ ಮಾತು ತೆಗೆಯಲಿಲ್ಲ. ಜನ ಸುತ್ತುವರಿದು ‘ನಿನ್ನ ಹಾಗೆ ಆಡ್ತಾಳಾ?’ ಎಂದು ಕೇಳಿದಾಗ, “ಅವಳ ಹಾಗೆ ನನಗೆ ತಡೆಯಲು ಬರ್ತಿರಲಿಲ್ಲ” ಎಂದಳು. ಅದು ಸೌಜನ್ಯದ ಮಾತಾಗಿರಲಿಲ್ಲ, ನಿಜವಾಗಿತ್ತು. ತಂಗಿ ಈಗ ದಾದಿಯಾಗಿ ದುಡಿಯುತ್ತಿದ್ದಾಳೆ; ರಾಜ್ಯ ತಂಡಕ್ಕೆ ಆಡಲಿಲ್ಲ. ಆದರೆ ಶಾಲೆ ಮುಗಿಯುವವರೆಗೂ ಆಡಿದಳು, ನಗುತ್ತಾ ಆಡಿದಳು.

ನಿಮ್ಮಲ್ಲಿ ಒಂದು ಮಾತು

ಡ್ರಾಫ್ಟ್ ಇಂದಿಗೂ ವರ್ಷವರ್ಷ ನಡೆಯುತ್ತಿದೆ. 2023ರಲ್ಲಿ ಮೊದಲಿಗನಾಗಿ ಬಂದ ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮಾ ಅಷ್ಟೆತ್ತರದವನಾಗಿಯೂ ಚೆಂಡನ್ನು ಎಷ್ಟು ನಾಜೂಕಾಗಿ ಆಡಿಸುತ್ತಾನೆಂದರೆ, ಹಳಬರಲ್ಲಿ ಸರಿಸಾಟಿ ಸಿಗದೆ ಆತನನ್ನು ಅನ್ಯಗ್ರಹದವನೆಂದೇ ಕರೆದರು. 2025ರಲ್ಲಿ ಹದಿನೆಂಟರ ಕೂಪರ್ ಫ್ಲ್ಯಾಗ್ ಬಂದಾಗಲೂ ಹಳೆಯ ಹೆಸರುಗಳ ಪೆಟ್ಟಿಗೆ ತೆರೆಯಿತು. ಆ ದೂರದ ತಂಡಗಳಿಗೆ ಹೋಲಿಕೆ ಅನಿವಾರ್ಯವಿರಬಹುದು. ಹಣ ಹೂಡುವವರು ಅಂದಾಜು ಮಾಡಲೇಬೇಕು. ಆದರೆ ನಮ್ಮ ಮನೆಗಳಲ್ಲಿ ಡ್ರಾಫ್ಟ್ ನಡೆಯುವುದಿಲ್ಲ. ಮಕ್ಕಳನ್ನು ನಾವು ಸರದಿಯಲ್ಲಿ ಆರಿಸಿಕೊಂಡವರಲ್ಲ. ಅವರು ನಮಗೆ ದತ್ತವಾದವರು. ಮೊದಲನೆಯವನು, ಹನ್ನೆರಡನೆಯವನು, ಐವತ್ತೆರಡನೆಯವನು ಎಂಬ ಸಂಖ್ಯೆ ಅಲ್ಲಿ ಸಲ್ಲದು.

ಹೀಗಿದ್ದೂ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ, ಗಾನವೃಂದದಲ್ಲಿ ಹೊಸ ದನಿಯೊಂದು ಹಾಡಿದ ದಿನ, ಅಣ್ಣ ಗುರುಮಠ ಸೇರಿದ ಮನೆಯ ತಮ್ಮನು ತಾನು ಬೇರೇನೋ ಆಗುವೆನೆಂದ ದಿನ, ನಮ್ಮ ಬಾಯಲ್ಲಿ ತಟ್ಟನೆ ಇನ್ನೊಬ್ಬರ ಹೆಸರು ಬಂದುಬಿಡುತ್ತದೆ. ಆ ಹೆಸರು ದೊಡ್ಡದೇ ಇರಬಹುದು. ಅದನ್ನು ಹೊರಬೇಕಾದ ಹೆಗಲು ಚಿಕ್ಕದು. ಮಕ್ಕಳ ಮುಂದೆ ಹಿರಿಯರ ಕಥೆಗಳನ್ನು ಧಾರಾಳವಾಗಿ ಹೇಳಿ. ಅಣ್ಣ ಹೇಗೆ ಓದಿದ, ಅಕ್ಕ ಹೇಗೆ ಆಡಿದಳು, ಅಜ್ಜ ಹೇಗೆ ಬರಿಗಾಲಲ್ಲಿ ಶಾಲೆಗೆ ನಡೆದ ಎಂಬುದನ್ನೆಲ್ಲ ಹೇಳಿ. ಅವರಿಗೆ ಬೇಕಾದುದನ್ನು ಅವರೇ ಆರಿಸಿಕೊಳ್ಳುತ್ತಾರೆ, ತಮ್ಮ ಸಂಖ್ಯೆಯನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ‘ಎಷ್ಟು’ ಎಂಬ ಪ್ರಶ್ನೆಯೊಂದನ್ನು ಮಾತ್ರ ತಡೆಹಿಡಿಯಿರಿ.

ಈ ಪುಟ ಓದುತ್ತಿರುವ ಹೊತ್ತಿಗೆ ನಿಮ್ಮ ಮನೆಯ ಮಗುವೊಂದು ಅಂಗಳದಲ್ಲೋ ಪಡಸಾಲೆಯಲ್ಲೋ ತನ್ನಷ್ಟಕ್ಕೆ ಏನನ್ನೋ ಅಭ್ಯಾಸ ಮಾಡುತ್ತಿರಬಹುದು. ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಅದು ಯಾವ ಕೈಯಿಂದ ಆಡುತ್ತಿದೆ ಎಂಬುದನ್ನು ಗಮನಿಸಿ. ಆಮೇಲೆ ಕರೆಯಬೇಕೆನಿಸಿದರೆ, ಜ್ಞಾನಸ್ನಾನದ ದಿನ ನೀವೇ ಇಟ್ಟ ಹೆಸರಿನಿಂದ ಕರೆಯಿರಿ.